ಖರ್ಚು ಡಬ್ಬಕ್ಕೆ, ಬಾಟಲಿಗಲ್ಲ

(ಶಿರಸಿಯಲ್ಲಿ, ಮನೆಯಲ್ಲೇ ಮಾಡಿ ಮಾರುವವರ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಆನ್‌ಲೈನಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ಶುರು ಮಾಡಿದ ಮೊದಲ ವರ್ಷದ ಮಾತು. ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ಅವರಿಗೆ ನಾಲ್ಕು ಬಾಟಲಿ ಬೇಕಿತ್ತು. ನಾನು ಒಂದು ಬಾಟಲಿಗೆ 90 ರೂಪಾಯಿ ಪಾರ್ಸೆಲ್ ಖರ್ಚು ಅಂತ ವೆಬ್‌ಸೈಟಿನಲ್ಲಿ ಹಾಕಿದ್ದೆ. ನಾಲ್ಕು ಬಾಟಲಿ ಆರಿಸಿದ ಕೂಡಲೇ 360 ಅಂತ ತೋರಿಸಿದೆ. ಅವರು ಕೇಳಿದ್ದು ಇಷ್ಟೇ: "ಅಕ್ಕಾ, ನಾಲ್ಕು ಬಾಟಲೀನ ನಾಲ್ಕು ಡಬ್ಬದಲ್ಲಿ ಕಳಿಸ್ತೀರಾ?"

ಇಲ್ಲ, ಒಂದೇ ಡಬ್ಬ ಅಂದೆ. "ಹಾಗಾದ್ರೆ ನಾಲ್ಕು ಸಲ ಯಾಕೆ ದುಡ್ಡು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೊನೆಗೆ ಒಂದೇ ಬಾಟಲಿ ತರಿಸಿಕೊಂಡರು.

ಆ ಫೋನು ಇಟ್ಟ ಮೇಲೆ ನನಗೆ ತುಂಬಾ ಬೇಜಾರಾಯಿತು. ಮೂರು ಬಾಟಲಿಯ ವ್ಯಾಪಾರ ಹೋಯಿತು ಅಂತಲ್ಲ. ನಮ್ಮನ್ನು ನಂಬಿ ಜಾಸ್ತಿ ಕೊಳ್ಳಲು ಬಂದವರಿಗೇ ಜಾಸ್ತಿ ಬರೆ ಹಾಕುತ್ತಿದ್ದೆನಲ್ಲ ಅಂತ. ಒಂದು ಬಾಟಲಿ ರುಚಿ ನೋಡಲು ತರಿಸುವವರು ಬೇರೆ. ನಾಲ್ಕು ಬಾಟಲಿ ಕೇಳುವವರು ಬೇರೆ. ಅವರು ಮನೆಯವರ ಹಾಗೆ. ಅವರಿಗೆ ನಾನು ತಪ್ಪು ಲೆಕ್ಕ ತೋರಿಸಿದ್ದೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಆ ಲೆಕ್ಕವನ್ನೇ.

ಮೊದಲು ಕೊರಿಯರಿನವರು ನಮ್ಮಿಂದ ದುಡ್ಡು ಹೇಗೆ ತೆಗೆದುಕೊಳ್ಳುತ್ತಾರೆ ನೋಡೋಣ. ಅವರು ಬಾಟಲಿ ಎಣಿಸುವುದಿಲ್ಲ. ಡಬ್ಬ ತೂಗುತ್ತಾರೆ. ತೂಕವನ್ನೂ ಗ್ರಾಂ ಲೆಕ್ಕದಲ್ಲಿ ಹಿಡಿಯುವುದಿಲ್ಲ, ಸ್ಲ್ಯಾಬ್ ಲೆಕ್ಕದಲ್ಲಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಅರ್ಧ ಕೆಜಿಗೊಂದು ಸ್ಲ್ಯಾಬ್. 510 ಗ್ರಾಂ ಆದರೂ ಅದು ಒಂದು ಕೆಜಿಯೇ. ಮೊದಲ ಅರ್ಧ ಕೆಜಿಗೆ ದರ ಜಾಸ್ತಿ, ಮುಂದಿನ ಅರ್ಧ ಕೆಜಿಗಳಿಗೆ ಸ್ವಲ್ಪ ಕಡಿಮೆ.

ಒಬ್ಬೊಬ್ಬರಿಗೆ ಒಂದೊಂದು ದರ ಸಿಗುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ತೆರಿಗೆ ಸೇರಿ ಮೊದಲ ಅರ್ಧ ಕೆಜಿಗೆ 50, ಆಮೇಲಿನ ಪ್ರತಿ ಅರ್ಧ ಕೆಜಿಗೆ 40 ಅಂತ ಇಟ್ಟುಕೊಳ್ಳಿ. ನಿಮ್ಮ ನಿಜವಾದ ದರ ಹಾಕಿ ಮನೆಯಲ್ಲಿ ಇದೇ ಲೆಕ್ಕ ಮತ್ತೆ ಮಾಡಿ.

ನನ್ನ ಒಂದು ಬಾಟಲಿ, ಗಾಜು, ಒಳಗಿನ ಉಪ್ಪಿನಕಾಯಿ, ಸುತ್ತಿದ ಬಬಲ್ ರ‍್ಯಾಪ್ ಎಲ್ಲ ಸೇರಿ 650 ಗ್ರಾಂ. ರಟ್ಟಿನ ಡಬ್ಬ 100 ಗ್ರಾಂ. ಒಂದೇ ಬಾಟಲಿ ಕಳಿಸಿದರೆ 750 ಗ್ರಾಂ. ಅಂದರೆ ಒಂದು ಕೆಜಿ ಸ್ಲ್ಯಾಬ್, 90 ರೂಪಾಯಿ. ಎರಡು ಬಾಟಲಿ ಆದರೆ 1,400 ಗ್ರಾಂ. ಒಂದೂವರೆ ಕೆಜಿ ಸ್ಲ್ಯಾಬ್, 130 ರೂಪಾಯಿ. ಎರಡನೇ ಬಾಟಲಿ ಕೇಳಿದ್ದು ಬರೀ 40 ರೂಪಾಯಿ. ನಾನು ತೆಗೆದುಕೊಳ್ಳುತ್ತಿದ್ದದ್ದು 90.

ಮೂರು ಬಾಟಲಿಗೆ ಬನ್ನಿ. 2,050 ಗ್ರಾಂ. ಇಲ್ಲಿ ಒಂದು ಸಂಗತಿ ನೋಡಿ. ಎರಡು ಕೆಜಿಗಿಂತ ಬರೀ 50 ಗ್ರಾಂ ಜಾಸ್ತಿ. ಆದರೆ ಸ್ಲ್ಯಾಬ್ ಎರಡೂವರೆ ಕೆಜಿಗೆ ಹಾರುತ್ತದೆ. 170 ಆಗಬೇಕಿದ್ದದ್ದು 210 ಆಗುತ್ತದೆ. ಐವತ್ತು ಗ್ರಾಂ ರಟ್ಟಿಗೆ ನಲವತ್ತು ರೂಪಾಯಿ! ನಾನು ಇದನ್ನು ಗಮನಿಸಿದ್ದೇ ಒಂದು ವರ್ಷ ಕಳೆದ ಮೇಲೆ. ಡಬ್ಬ ಸ್ವಲ್ಪ ತೆಳು ಮಾಡಬಹುದಾ, ಬಾಟಲಿ ಬದಲು ನಿಲ್ಲುವ ಪೌಚ್ ಬಳಸಬಹುದಾ ಅಂತ ಯೋಚಿಸಲು ಶುರು ಮಾಡಿದ್ದು ಆಮೇಲೆ. ಗಾಜು ಎಷ್ಟು ಭಾರ ಅಂತ ಖಾಲಿ ಬಾಟಲಿ ತೂಗಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ನಾವು ಗಿರಾಕಿಯ ದುಡ್ಡಿನಲ್ಲಿ ಗಾಜನ್ನು ಊರೂರು ತಿರುಗಿಸುತ್ತೇವೆ.

ನಾಲ್ಕು ಬಾಟಲಿಗೆ 2,700 ಗ್ರಾಂ, ಮೂರು ಕೆಜಿ ಸ್ಲ್ಯಾಬ್, 250 ರೂಪಾಯಿ. ಬೆಂಗಳೂರಿನ ಅವರಿಗೆ ನಾನು ತೋರಿಸಿದ್ದು 360. ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು.

ಈಗ ಕೊರಿಯರ್ ಬಿಲ್ಲಿನ ಹೊರಗಿನ ಖರ್ಚು. ಡಬ್ಬ, ಟೇಪು, ವಿಳಾಸದ ಚೀಟಿ ಸೇರಿ 20 ರೂಪಾಯಿ ಅಂತಿಟ್ಟುಕೊಳ್ಳಿ. ಇದು ಪಾರ್ಸೆಲಿಗೆ ಒಂದೇ ಸಲ. ಬಬಲ್ ರ‍್ಯಾಪ್ ಹಾಗಲ್ಲ, ಅದು ಪ್ರತಿ ಬಾಟಲಿಗೂ ಬೇಕು. ಹಾಗಾಗಿ ಬಬಲ್ ರ‍್ಯಾಪಿನ ದುಡ್ಡನ್ನು ನಾನು ಉಪ್ಪಿನಕಾಯಿಯ ಬೆಲೆಯಲ್ಲೇ ಸೇರಿಸುತ್ತೇನೆ. ಡಬ್ಬದ ದುಡ್ಡನ್ನು ಪಾರ್ಸೆಲ್ ಖರ್ಚಿನಲ್ಲಿ ಸೇರಿಸುತ್ತೇನೆ. ಯಾವ ಖರ್ಚು ಬಾಟಲಿಯ ಜೊತೆ ಬೆಳೆಯುತ್ತದೆ, ಯಾವುದು ಡಬ್ಬದ ಜೊತೆ ಬರುತ್ತದೆ ಅಂತ ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಅಲ್ಲಿಗೆ ನನ್ನ ನಿಜವಾದ ಖರ್ಚು ಹೀಗಾಯಿತು: ಒಂದಕ್ಕೆ 110, ಎರಡಕ್ಕೆ 150, ಮೂರಕ್ಕೆ 230, ನಾಲ್ಕಕ್ಕೆ 270. ಇದನ್ನು ಹೀಗೇ ತೋರಿಸಿದರೆ ಗಿರಾಕಿಗೆ ತಲೆಬುಡ ಅರ್ಥವಾಗುವುದಿಲ್ಲ. ಎರಡರಿಂದ ಮೂರಕ್ಕೆ ಯಾಕೆ 80 ಹೆಚ್ಚಾಯಿತು ಅಂತ ಕೇಳುತ್ತಾರೆ. ಅದಕ್ಕೇ ನಾನು ಒಂದು ಸುಲಭ ನಿಯಮ ಮಾಡಿಕೊಂಡೆ. ಮೊದಲ ಬಾಟಲಿಗೆ 110, ಆಮೇಲಿನ ಪ್ರತಿ ಬಾಟಲಿಗೆ 50. ಎರಡಕ್ಕೆ 160, ಮೂರಕ್ಕೆ 210, ನಾಲ್ಕಕ್ಕೆ 260. ಎರಡು ಕೊಂಡರೆ ನನಗೆ ಹತ್ತು ರೂಪಾಯಿ ಉಳಿಯುತ್ತದೆ. ಮೂರು ಕೊಂಡರೆ ಇಪ್ಪತ್ತು ಹೋಗುತ್ತದೆ, ನಾಲ್ಕಕ್ಕೆ ಹತ್ತು ಹೋಗುತ್ತದೆ. ಹೋಗಲಿ. ಜಾಸ್ತಿ ಕೊಂಡವರ ಕಡೆಗೇ ತಕ್ಕಡಿ ವಾಲಬೇಕು ಅನ್ನುವುದು ನನ್ನ ಆಸೆ. ಮೂರು ಬಾಟಲಿಯ ಡಬ್ಬವನ್ನು 60 ಗ್ರಾಂ ಇಳಿಸಿದ ಮೇಲಂತೂ ಅಲ್ಲೂ ದುಡ್ಡು ಉಳಿಯಿತು.

ಈ "ಮೊದಲನೆಯದಕ್ಕೆ ಇಷ್ಟು, ಮುಂದಿನದಕ್ಕೆ ಇಷ್ಟು" ಅನ್ನುವ ಪದ್ಧತಿ ನಾನು ಕಂಡುಹಿಡಿದದ್ದಲ್ಲ. ಎಟ್ಸಿ ಅನ್ನುವ ಆನ್‌ಲೈನ್ ಸಂತೆಯಲ್ಲಿ ಮಾರುವವರಿಗೆ ಒಂದು ಸಾಮಾನಿನ ದರ, ಹೆಚ್ಚುವರಿ ಸಾಮಾನಿನ ದರ ಅಂತ ಎರಡು ಖಾನೆಗಳೇ ಇರುತ್ತವೆ. ನೀವು ವೂಕಾಮರ್ಸ್ ಅನ್ನುವ, ವೆಬ್‌ಸೈಟಿನಲ್ಲಿ ಅಂಗಡಿ ನಡೆಸುವ ತಂತ್ರಾಂಶದಲ್ಲಿ ಅಂಗಡಿ ಮಾಡಿಕೊಂಡಿದ್ದರೆ ಫ್ಲಾಟ್ ರೇಟ್, ಅಂದರೆ ನಿಗದಿ ದರ, ಬರೆಯುವ ಜಾಗದಲ್ಲಿ ಬರೀ ಅಂಕಿಯೇ ಹಾಕಬೇಕೆಂದಿಲ್ಲ, ಲೆಕ್ಕವನ್ನೂ ಬರೆಯಬಹುದು. ಸಾಮಾನಿನ ಸಂಖ್ಯೆಯಿಂದ ಒಂದು ಕಳೆದು, 50ರಿಂದ ಗುಣಿಸಿ, 110 ಕೂಡಿಸು ಅಂತ. ಒಮ್ಮೆ ಹಾಕಿಟ್ಟರೆ ಅದು ತಾನೇ ಮಾಡುತ್ತದೆ. ನಿಮ್ಮ ವೆಬ್‌ಸೈಟು ಮಾಡಿಕೊಟ್ಟ ಹುಡುಗನಿಗೆ ಹೇಳಿ, ಹತ್ತು ನಿಮಿಷದ ಕೆಲಸ.

ಇಲ್ಲಿಯವರೆಗೆ ಬರೀ ಉಪ್ಪಿನಕಾಯಿ. ಅದು ಸುಲಭ. ನಮ್ಮ ಕಡೆಯ ನಿಜವಾದ ಕಷ್ಟ ಹಪ್ಪಳದಲ್ಲಿದೆ.

ಹಲಸಿನ ಹಪ್ಪಳ ಎಷ್ಟು ಹಗುರ ಅಲ್ವಾ? ಒಂದು ಕಟ್ಟು 400 ಗ್ರಾಂ, ಡಬ್ಬ ಸೇರಿ ಅರ್ಧ ಕೆಜಿ. 50 ರೂಪಾಯಿಗೆ ಹೋಗುತ್ತದೆ ಅಂತ ನಾನು ಖುಷಿಯಾಗಿದ್ದೆ. ಬಿಲ್ಲು ಬಂದಾಗ ಒಂದು ಕೆಜಿಯ ದುಡ್ಡು ಹಾಕಿದ್ದರು. ಕೇಳಿದರೆ ಗಾತ್ರದ ತೂಕ ಅಂದರು. ಅಂದರೆ ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಮೂರನ್ನೂ ಗುಣಿಸಿ, 5,000ದಿಂದ ಭಾಗಿಸುತ್ತಾರೆ. ಬರುವ ಉತ್ತರ ಕೆಜಿ. ಕೆಲವರು 5,000ದ ಬದಲು 4,000 ಅಥವಾ 4,500 ಇಟ್ಟುಕೊಂಡಿರುತ್ತಾರೆ, ಒಪ್ಪಂದ ಮಾಡಿಕೊಳ್ಳುವಾಗಲೇ ಕೇಳಿಕೊಳ್ಳಿ. ತಕ್ಕಡಿಯ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಇದು ಮೋಸ ಅಲ್ಲ. ಅವರ ಗಾಡಿಯಲ್ಲಿ ನಮ್ಮ ಡಬ್ಬ ಜಾಗ ಹಿಡಿಯುತ್ತದಲ್ಲ, ಅದಕ್ಕೆ.

ನನ್ನ ಹಪ್ಪಳದ ಡಬ್ಬ 22, 22, 10. ಗುಣಿಸಿದರೆ 4,840. ಭಾಗಿಸಿದರೆ 0.97 ಕೆಜಿ. ಹಾಗಾಗಿ ಒಂದು ಕೆಜಿ, 90 ರೂಪಾಯಿ. ಎರಡು ಕಟ್ಟು ಒಂದರ ಮೇಲೊಂದು ಇಟ್ಟರೆ ಎತ್ತರ 18 ಆಗುತ್ತದೆ. ಗಾತ್ರದ ತೂಕ 1.74 ಕೆಜಿ. ಎರಡು ಕೆಜಿ ಸ್ಲ್ಯಾಬ್, 170 ರೂಪಾಯಿ. ನೋಡಿ, ಉಪ್ಪಿನಕಾಯಿಯ ಎರಡನೇ ಬಾಟಲಿಗೆ ಹೆಚ್ಚಾದದ್ದು 40. ಹಪ್ಪಳದ ಎರಡನೇ ಕಟ್ಟಿಗೆ ಹೆಚ್ಚಾದದ್ದು 80. ಕೈಗೆ ಹಗುರವಾದದ್ದೇ ಡಬ್ಬದಲ್ಲಿ ದುಬಾರಿ. ಆದ್ದರಿಂದ ಎಲ್ಲ ಸಾಮಾನಿಗೂ ಒಂದೇ "ಮುಂದಿನದಕ್ಕೆ ಇಷ್ಟು" ಅಂತ ಇಟ್ಟರೆ ಹಪ್ಪಳದಲ್ಲಿ ನೀವು ಸೋಲುತ್ತೀರಿ.

ಇನ್ನು ಗಿರಾಕಿ ಒಂದು ಬಾಟಲಿ ಉಪ್ಪಿನಕಾಯಿ, ಒಂದು ಕಟ್ಟು ಹಪ್ಪಳ ಎರಡೂ ಕೇಳಿದರೆ? ನಾನು ಮೊದಲು ಮಾಡಿದ್ದು, ದೊಡ್ಡದೊಂದು ಡಬ್ಬ ಹುಡುಕಿ ಎರಡನ್ನೂ ಅದರಲ್ಲಿ ತುಂಬಿದ್ದು. ಆ ದೀಪಾವಳಿಗೆ ಹೋದ ಹಪ್ಪಳ ಪುಡಿಪುಡಿಯಾಗಿ ತಲುಪಿತು. ಬಾಟಲಿ ದಾರಿಯುದ್ದಕ್ಕೂ ಅದರ ಮೇಲೆ ಕುಣಿದಿತ್ತು. ಹಪ್ಪಳ ಒಣಗಿಸಲು ಎಷ್ಟು ದಿನ ಮೋಡ ನೋಡುತ್ತಾ ಕೂತಿರುತ್ತೇವೆ ಅಂತ ನಿಮಗೆ ಗೊತ್ತಲ್ಲ. ಆ ಪುಡಿಯ ಫೋಟೊ ನೋಡಿ ಕಣ್ಣಲ್ಲಿ ನೀರು ಬಂತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಡಬ್ಬ 34, 22, 16 ಆಗುತ್ತದೆ. ಬಾಟಲಿಯನ್ನು ಮಲಗಿಸುವ ಹಾಗಿಲ್ಲ, ಎಣ್ಣೆ ಸೋರುತ್ತದೆ. ಗಾತ್ರದ ತೂಕ 2.39 ಕೆಜಿ. ಎರಡೂವರೆ ಕೆಜಿ ಸ್ಲ್ಯಾಬ್, 210 ರೂಪಾಯಿ. ಬೇರೆ ಬೇರೆ ಡಬ್ಬದಲ್ಲಿ ಕಳಿಸಿದರೆ 90 ಮತ್ತು 90, ಒಟ್ಟು 180. ಡಬ್ಬ ಎರಡಾದರೂ ಖರ್ಚು ಕಡಿಮೆ, ಹಪ್ಪಳವೂ ಇಡಿಯಾಗಿ ತಲುಪುತ್ತದೆ. ಒಟ್ಟಿಗೆ ಕಳಿಸಿದರೆ ಯಾವಾಗಲೂ ಅಗ್ಗ ಅಂತ ನಾವು ಅಂದುಕೊಂಡಿರುತ್ತೇವೆ. ಅಳೆಯದೆ ಹಾಗೆ ಅಂದುಕೊಳ್ಳಬೇಡಿ.

ಈಗ ನನ್ನ ಹತ್ತಿರ ಮೂರು ಗುಂಪು. ಬಾಟಲಿ ಗುಂಪಿನಲ್ಲಿ ಉಪ್ಪಿನಕಾಯಿ, ಜೋನಿ ಬೆಲ್ಲ (ನೀರು ಬೆಲ್ಲ), ಜೇನು. ಇವು ಸಣ್ಣವು, ಭಾರ. ಒಂದರ ಪಕ್ಕ ಒಂದು ನಿಲ್ಲುತ್ತವೆ. ಹಪ್ಪಳ, ಚಿಪ್ಸು ಇನ್ನೊಂದು ಗುಂಪು. ಒಣ ಮುರುಗಲು (ಕೋಕಂ), ಕಾಳುಮೆಣಸು, ಏಲಕ್ಕಿಯ ಪೊಟ್ಟಣಗಳು ಮೂರನೆಯದು. ಇವು ಯಾರ ಪಕ್ಕದಲ್ಲಾದರೂ ಸೇರಿಕೊಳ್ಳುತ್ತವೆ. ಒಂದೇ ಗುಂಪಿನವು ಒಂದೇ ಡಬ್ಬ. ಬಾಟಲಿ ಮತ್ತು ಹಪ್ಪಳ ಎರಡೂ ಬಂದರೆ ಎರಡು ಡಬ್ಬ, ಎರಡು ಖರ್ಚು. ಅದನ್ನು ಗಿರಾಕಿಗೆ ಕಾಣುವ ಹಾಗೆ ಬರೆದಿದ್ದೇನೆ: "ಹಪ್ಪಳ ಮುರಿಯಬಾರದು ಅಂತ ಬೇರೆ ಡಬ್ಬದಲ್ಲಿ ಕಳಿಸುತ್ತೇವೆ." ಆ ಒಂದು ಸಾಲು ಬರೆದ ಮೇಲೆ ಯಾರೂ ಜಗಳ ಮಾಡಿಲ್ಲ.

ವೂಕಾಮರ್ಸಿನಲ್ಲಿ ಇಂಥ ಗುಂಪಿಗೆ ಶಿಪ್ಪಿಂಗ್ ಕ್ಲಾಸ್ ಅನ್ನುತ್ತಾರೆ. ಪ್ರತಿ ಕ್ಲಾಸಿಗೂ ಬೇರೆ ದರ ಕೂಡಿಸಬೇಕಾ, ಅಥವಾ ಎಲ್ಲಕ್ಕಿಂತ ದುಬಾರಿ ಕ್ಲಾಸಿನ ದರ ಮಾತ್ರ ಸಾಕಾ ಅಂತ ಅಲ್ಲಿ ಕೇಳುತ್ತದೆ. ಬೇರೆ ಡಬ್ಬ ಆಗುವುದಾದರೆ ಕೂಡಿಸುವುದನ್ನೇ ಆರಿಸಿ. ಶಾಪಿಫೈ ಅಂತ ಅಂಥದೇ ಇನ್ನೊಂದಿದೆ, ಅದರಲ್ಲಿ ಬೇರೆ ಬೇರೆ ಶಿಪ್ಪಿಂಗ್ ಪ್ರೊಫೈಲಿನ, ಅಂದರೆ ಬೇರೆ ಬೇರೆ ಸಾಗಣೆ ದರದ ಗುಂಪಿನ, ಸಾಮಾನು ಒಟ್ಟಿಗೆ ಬಂದರೆ ಅದು ತಾನೇ ದರಗಳನ್ನು ಕೂಡಿಸುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಪ್ರತಿ ಸಾಮಾನಿಗೂ ಒಂದೊಂದು ಪ್ರೊಫೈಲ್ ಮಾಡಿದರೆ, ಒಂದೇ ಡಬ್ಬದ ಸಾಮಾನಿಗೆ ನಾಲ್ಕು ಸಲ ಖರ್ಚು ಬೀಳುತ್ತದೆ. ನನ್ನ ಮೊದಲ ವರ್ಷದ ತಪ್ಪೇ ಮತ್ತೆ ಆಗುತ್ತದೆ.

"ಒಂದು ಸಾವಿರದ ಮೇಲೆ ಕೊಂಡರೆ ಪಾರ್ಸೆಲ್ ಫ್ರೀ" ಅಂತ ಹಾಕೋಣವಾ ಅಂತ ತುಂಬಾ ಜನ ಕೇಳುತ್ತೀರಿ. ಹಾಕಿ, ಆದರೆ ಜೋನಿ ಬೆಲ್ಲ ಮಾರುವವರು ಒಮ್ಮೆ ಯೋಚಿಸಿ. ಕೆಜಿಗೆ 150 ಅಂತಿಟ್ಟುಕೊಳ್ಳಿ. ಏಳು ಕೆಜಿಗೆ 1,050 ರೂಪಾಯಿ ಆಗಿ, ಫ್ರೀ ಪಾರ್ಸೆಲ್ ಸಿಗುತ್ತದೆ. ಡಬ್ಬಿ ಎಲ್ಲ ಸೇರಿ ಏಳೂವರೆ ಕೆಜಿ. ಖರ್ಚು ನಮ್ಮ ಲೆಕ್ಕದಲ್ಲಿ 610 ರೂಪಾಯಿ! ಬೆಲ್ಲ ಮಾರಿದ್ದಾ, ದಾನ ಮಾಡಿದ್ದಾ? ಅದೇ ಏಲಕ್ಕಿ ನೋಡಿ. 100 ಗ್ರಾಮಿನ ಪೊಟ್ಟಣಕ್ಕೆ 400 ಅಂದರೆ ಮೂರು ಪೊಟ್ಟಣಕ್ಕೆ 1,200. ತೂಕ ಅರ್ಧ ಕೆಜಿಯೂ ಇಲ್ಲ, 50 ರೂಪಾಯಿಗೆ ಹೋಗುತ್ತದೆ. ಒಂದೇ ಸಾವಿರ, ಒಂದು ಕಡೆ 610, ಇನ್ನೊಂದು ಕಡೆ 50. ಹಾಗಾಗಿ ಫ್ರೀ ಅನ್ನುವುದನ್ನು ಇಡೀ ಅಂಗಡಿಗೆ ಹಾಕಬೇಡಿ. ಪೊಟ್ಟಣದ ಗುಂಪಿಗೆ ಹಾಕಿ. ಬಾಟಲಿಗೆ ಹಾಕುವುದಾದರೆ ನಿಮಗೆ ಉಳಿಯುವ ಲಾಭದಲ್ಲಿ ಪಾರ್ಸೆಲ್ ಖರ್ಚು ಕಳೆದು, ಉಳಿದದ್ದು ನಿಮ್ಮ ದುಡಿಮೆಗೆ ಸಾಕಾ ಅಂತ ನೋಡಿ ಹಾಕಿ. ಜೋನಿ ಬೆಲ್ಲಕ್ಕೆ ನಾನು ಹಾಕಿಲ್ಲ, ಹಾಕುವುದೂ ಇಲ್ಲ.

ದೂರದ ಲೆಕ್ಕವೂ ಇದೆ. ಸ್ಪೀಡ್ ಪೋಸ್ಟಿನ ದರ ಊರೊಳಗೆ, 200 ಕಿಲೋಮೀಟರ್ ತನಕ, 500 ತನಕ, ಸಾವಿರ ತನಕ, ಎರಡು ಸಾವಿರ ತನಕ, ಅದರಾಚೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಮ್ಮಿಂದ ಹುಬ್ಬಳ್ಳಿ ಒಂದು ಮೆಟ್ಟಿಲು, ಬೆಂಗಳೂರು ಅದರ ಮುಂದಿನದು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಸಣ್ಣ ಪೊಟ್ಟಣ ಕಳಿಸುತ್ತಿದ್ದವರು ನೆನಪಿಡಿ, 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಹಳೆಯ ದರಪಟ್ಟಿ ಇಟ್ಟುಕೊಂಡು ಕೂತಿದ್ದರೆ ಬದಲಿಸಿಕೊಳ್ಳಿ. ನಾನು ಎರಡೇ ದರ ಇಟ್ಟಿದ್ದೇನೆ. ಕರ್ನಾಟಕದ ಒಳಗೆ ಒಂದು, ಹೊರಗೆ ಒಂದು. ಇದಕ್ಕಿಂತ ಜಾಸ್ತಿ ಭಾಗ ಮಾಡಿದರೆ ನನಗೇ ಗೊಂದಲ ಆಗುತ್ತದೆ.

ಗಿರಾಕಿಗೆ ಖರ್ಚು ಯಾವಾಗ ತೋರಿಸುತ್ತೀರಿ ಅನ್ನುವುದೂ ಮುಖ್ಯ. ಸಾಮಾನಿನ ಬೆಲೆ ತೋರಿಸಿ, ವಿಳಾಸ ಬರೆಸಿ, ದುಡ್ಡು ಕಟ್ಟುವ ಕೊನೆಯ ಗಳಿಗೆಯಲ್ಲಿ ಪಾರ್ಸೆಲ್ ಖರ್ಚು ತೋರಿಸಬಾರದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನೂ, ಅದರೊಳಗೆ ಸಾಗಣೆ ಖರ್ಚು ಎಷ್ಟು ಅನ್ನುವುದನ್ನೂ ತೋರಿಸಬೇಕು. ಬೆಲೆಯನ್ನು ಮುಚ್ಚಿಟ್ಟು ಹಂತ ಹಂತವಾಗಿ ಬಿಚ್ಚುವುದನ್ನು 2023ರ ಮಾರ್ಗಸೂಚಿಯಲ್ಲಿ ಗಿರಾಕಿಯನ್ನು ದಾರಿ ತಪ್ಪಿಸುವ ರೀತಿಗಳ ಪಟ್ಟಿಗೇ ಸೇರಿಸಿದ್ದಾರೆ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ, ನಮ್ಮ ಮನೆಗೆ ಬಂದವರಿಗೆ ಹಾಗೆ ಮಾಡುತ್ತೇವಾ? ಪ್ರತಿ ಸಾಮಾನಿನ ಪುಟದಲ್ಲೇ ಬರೆದುಬಿಡಿ: ಒಂದಕ್ಕೆ ಇಷ್ಟು, ಮುಂದಿನದಕ್ಕೆ ಇಷ್ಟು. ಎರಡನೆಯದಕ್ಕೆ ಕಡಿಮೆ ಅಂತ ಕಂಡಾಗ ಎರಡನೆಯದನ್ನು ಕೊಳ್ಳುವ ಮನಸ್ಸಾಗುತ್ತದೆ.

ಜಿಎಸ್‌ಟಿ ಬಗ್ಗೆ ಒಂದೇ ಮಾತು. ಕೊರಿಯರ್ ಬಿಲ್ಲಿನ ಮೇಲೆ 18% ಬೀಳುತ್ತದೆ. ನೀವು ನೋಂದಣಿ ಮಾಡಿಸಿಲ್ಲ ಅಂದರೆ ಅದು ನಿಮ್ಮ ಖರ್ಚೇ, ದರ ಲೆಕ್ಕ ಹಾಕುವಾಗ ಮರೆಯಬೇಡಿ. ನೋಂದಣಿ ಇದ್ದವರು, ಗಿರಾಕಿಯಿಂದ ತೆಗೆದುಕೊಳ್ಳುವ ಪಾರ್ಸೆಲ್ ಖರ್ಚಿಗೆ ಯಾವ ತೆರಿಗೆ ಅಂತ ನಿಮ್ಮ ಲೆಕ್ಕಪತ್ರ ನೋಡುವವರ ಹತ್ತಿರ ಕೇಳಿ. ಸಾಮಾನಿನ ಜೊತೆಗೇ ಹೋಗುವ ಸಾಗಣೆಗೆ ಸಾಮಾನ್ಯವಾಗಿ ಆ ಸಾಮಾನಿನ ದರವೇ ಅನ್ವಯಿಸುತ್ತದೆ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಪಾರ್ಸೆಲ್ ವಾಪಸ್ ಬಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೇ. ದೊಡ್ಡ ಆರ್ಡರಿಗೆ ನಾನು ಅದನ್ನು ನಿಲ್ಲಿಸಿದ್ದೇನೆ.

ಇನ್ನೊಂದು ಮುಖ್ಯ ಮಾತು, ದಯವಿಟ್ಟು ಇದನ್ನು ಮಾಡಿ. ಪ್ರತಿ ಡಬ್ಬವನ್ನೂ ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಒಮ್ಮೆ ನನ್ನ 750 ಗ್ರಾಂ ಡಬ್ಬಕ್ಕೆ ಎರಡು ಕೆಜಿ ಅಂತ ದುಡ್ಡು ಕತ್ತರಿಸಿದ್ದರು. ಫೋಟೊ ಇದ್ದದ್ದರಿಂದ ವಾಪಸ್ ಸಿಕ್ಕಿತು. ಅದಕ್ಕೂ ಮೊದಲು ಫೋಟೊ ಇಲ್ಲದೆ ಎಷ್ಟು ಹೋಯಿತೋ.

ಮಾತು ಮುಗಿದ ಮೇಲೆ ಒಬ್ಬರು ಅಕ್ಕ ಕೇಳಿದರು: "ನಮ್ಮ ಸಂಘದಲ್ಲಿ ಉಪ್ಪಿನಕಾಯಿ ಮಾಡೋರು ಒಂದು ಊರು, ಮುರುಗಲು ಮಾಡೋರು ಇನ್ನೊಂದು ಊರು. ಎರಡೂ ಕೇಳಿದ್ರೆ ಏನು ಮಾಡೋದು?"

ಎರಡು ಊರಿಂದ ಹೋದರೆ ಎರಡು ಡಬ್ಬ, ಎರಡು ಖರ್ಚು. ಬೇರೆ ದಾರಿಯಿಲ್ಲ. ಆದರೆ ಗಿರಾಕಿಗೆ ಅದು ಒಂದೇ ಅಂಗಡಿ. ಅವರಿಗೆ ನಮ್ಮ ಊರುಗಳ ನಡುವಿನ ದೂರ ಯಾಕೆ ಹೊರೆಯಾಗಬೇಕು? ವಾರಕ್ಕೊಮ್ಮೆ ಸಂತೆಗೆ ಬರುವಾಗ ಮುರುಗಲು ತಂದು ಒಂದೇ ಮನೆಯಲ್ಲಿಡಿ. ಕೆಡುವ ಸಾಮಾನಲ್ಲ. ಪ್ಯಾಕಿಂಗ್ ಒಂದೇ ಕಡೆ ಆಗಲಿ. ಬಸ್ಸಿನ ಟಿಕೆಟ್ ಎರಡು ಪಾರ್ಸೆಲಿನ ಖರ್ಚಿಗಿಂತ ಕಡಿಮೆ.

ಇನ್ನೊಬ್ಬ ತಂಗಿ ಕೇಳಿದಳು: "ನನ್ನದು ವೆಬ್‌ಸೈಟ್ ಇಲ್ಲ, ಎಲ್ಲ ವಾಟ್ಸ್ಆ್ಯಪಿನಲ್ಲೇ. ಬೆಳಿಗ್ಗೆ ಒಂದು ಬಾಟಲಿ ಅಂತಾರೆ, ದುಡ್ಡು ಹಾಕ್ತಾರೆ. ಸಂಜೆ ಇನ್ನೊಂದು ಅಂತಾರೆ. ಮತ್ತೆ 110 ಕೇಳೋದಾ?"

ಬೇಡ. ನನಗೂ ಹಾಗೆ ಆಗಿದೆ. ಒಬ್ಬರು ಒಂದೇ ದಿನ ಎರಡು ಸಲ ಆರ್ಡರ್ ಮಾಡಿ, ಎರಡು ಸಲವೂ 110 ಕಟ್ಟಿದ್ದರು. ನಾನು ಒಂದೇ ಡಬ್ಬದಲ್ಲಿ ಹಾಕಿ, 60 ರೂಪಾಯಿ ವಾಪಸ್ ಕಳಿಸಿದೆ. ಅವರು ಕೇಳಿರಲಿಲ್ಲ. ಕೇಳದೇ ಇದ್ದರೂ ಅದು ಅವರ ದುಡ್ಡೇ. ವಾಟ್ಸ್ಆ್ಯಪಿನಲ್ಲಿ ಮಾರುವವರಿಗೆ ಒಂದು ಅನುಕೂಲ ಇದೆ, ಡಬ್ಬ ಮುಚ್ಚುವ ಮೊದಲು ಮಾತಾಡಬಹುದು. ಒಂದು ಬಾಟಲಿಯ ಡಬ್ಬ 750 ಗ್ರಾಂ ಅಂದೆನಲ್ಲ. ಒಂದು ಕೆಜಿಗೆ ಇನ್ನೂ 250 ಗ್ರಾಂ ಬಾಕಿ. ಆ 250ಕ್ಕೆ ದುಡ್ಡು ಆಗಲೇ ಕೊಟ್ಟಾಗಿದೆ. 200 ಗ್ರಾಮಿನ ಮುರುಗಲು ಪೊಟ್ಟಣ ಅದರಲ್ಲಿ ಕೂರುತ್ತದೆ.

ಹಪ್ಪಳದ ಡಬ್ಬದಲ್ಲೂ ಅಷ್ಟೇ. ಹಪ್ಪಳ ಗುಂಡಗೆ, ಡಬ್ಬ ಚೌಕ. ನಾಲ್ಕೂ ಮೂಲೆ ಖಾಲಿ. ತಕ್ಕಡಿಯ ತೂಕ ಅರ್ಧ ಕೆಜಿ, ದುಡ್ಡು ಕೊಡುವುದು ಒಂದು ಕೆಜಿಗೆ. ನಾನು ಆ ಮೂಲೆಗಳಿಗೆ 100 ಗ್ರಾಮಿನ ಮುರುಗಲು ಪೊಟ್ಟಣ ಇಡುತ್ತೇನೆ. ಖರ್ಚು ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. ಹಪ್ಪಳ ಅಲುಗಾಡದೆ ಕೂರುತ್ತದೆ.

ಹಾಗಾಗಿ ಡಬ್ಬ ಮುಚ್ಚುವ ಮೊದಲು ನಾನು ಒಂದು ಸಂದೇಶ ಕಳಿಸುತ್ತೇನೆ. ನೀನೂ ಇದನ್ನೇ ಕಳಿಸು ತಂಗಿ: "ನಿಮ್ಮ ಡಬ್ಬದಲ್ಲಿ ಇನ್ನೂ ಸ್ವಲ್ಪ ಜಾಗ ಇದೆ. ಮುರುಗಲು ಇಡಲಾ? ಪಾರ್ಸೆಲ್ ಖರ್ಚು ಹೆಚ್ಚಾಗುವುದಿಲ್ಲ. ಬೇಡವಾದರೆ ಹೀಗೇ ಕಳಿಸುತ್ತೇನೆ, ಸಂಜೆ ನಾಲ್ಕಕ್ಕೆ ಡಬ್ಬ ಮುಚ್ಚುತ್ತೇನೆ."